ದಾನಿಯೇಲನ 2300 ದಿನಗಳು

2300ರಿಂದ 457 ಕಳೆದರೆ ಎಷ್ಟು ಉಳಿಯುತ್ತದೆ? ನಾಲ್ಕನೆಯ ತರಗತಿಯ ಮಗುವೂ ಎರವಲು ತಂದು ಕಳೆದು 1843 ಎಂದು ಉತ್ತರಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಒಂದು ಕಳೆಯುವ ಲೆಕ್ಕವನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹತ್ತಾರು ಸಾವಿರ ಜನ ಈ ಲೋಕದ ಕೊನೆಯ ದಿನಕ್ಕಾಗಿ ಕಾದು ಕುಳಿತಿದ್ದರು. ಕೆಲವರು ಹೊಲದಲ್ಲಿ ನಿಂತ ಬೆಳೆಯನ್ನು ಕೊಯ್ಯದೆ ಬಿಟ್ಟರು. ಕೆಲವರು ಅಂಗಡಿಗಳಿಗೆ ಬೀಗ ಹಾಕಿದರು. 1844ರ ಅಕ್ಟೋಬರ್ 22ರ ರಾತ್ರಿ ಕಳೆಯಿತು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಅಮೆರಿಕದ ಧಾರ್ಮಿಕ ಇತಿಹಾಸದಲ್ಲಿ ಆ ದಿನಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು.

ಈ ಎರಡು ಸಂಖ್ಯೆಗಳು ಬಂದದ್ದೆಲ್ಲಿಂದ? 2300 ಬಂದದ್ದು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿರುವ ದಾನಿಯೇಲನ ಗ್ರಂಥದಿಂದ. 457 ಬಂದದ್ದು ಪರ್ಷಿಯದ ಒಬ್ಬ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಿಂದ. ಇವೆರಡನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆಯುವ ಮೊದಲು ಮಾಡಿಕೊಂಡ ಊಹೆಗಳು ಯಾವುವು ಎಂಬುದೇ ಇಲ್ಲಿಯ ಪ್ರಶ್ನೆ. ಧರ್ಮಶಾಸ್ತ್ರ ನನ್ನ ಕ್ಷೇತ್ರವಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಆದರೆ ಗುಣಾಕಾರ ಭಾಗಾಕಾರವೆಲ್ಲ ಸರಿಯಿದ್ದೂ ಉತ್ತರ ಕೈಕೊಡುವುದು ಹೇಗೆ ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಗಣಿತದ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಪ್ರವಾದಿ ಎಂದರೆ ಜ್ಯೋತಿಷಿಯಲ್ಲ

ಮೊದಲು ‘ಪ್ರವಾದಿ’ ಎಂಬ ಪದವನ್ನು ಸರಿಯಾಗಿ ತಿಳಿಯಬೇಕು. ಪ್ರಾಚೀನ ಇಸ್ರೇಲಿನ ಪ್ರವಾದಿಗಳು ನಾಳೆ ಏನಾಗುತ್ತದೆ ಎಂದು ಹೇಳಲು ಕುಳಿತ ಶಾಸ್ತ್ರದವರಲ್ಲ. ದೇವರ ಪರವಾಗಿ ಮಾತನಾಡುವವರು ಎಂಬುದೇ ಅವರ ಮುಖ್ಯ ಗುರುತು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಆಮೋಸ ತೆಕೋವ ಎಂಬ ಹಳ್ಳಿಯ ಕುರಿಗಾರ. ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವ. ಬಡವರನ್ನು ಒಂದು ಜೊತೆ ಕೆರಕ್ಕಾಗಿ ಮಾರಿಬಿಡುವ ಸಿರಿವಂತರನ್ನು, ತಕ್ಕಡಿಯಲ್ಲಿ ಮೋಸ ಮಾಡುವ ವರ್ತಕರನ್ನು ಆತ ಹೆಸರಿಡಿದು ಬೈದಂತೆ ಬೈದಿದ್ದಾನೆ. ನಮ್ಮ ವಚನಕಾರರನ್ನು ಓದಿದವರಿಗೆ ಆಮೋಸನ ಧ್ವನಿ ಅಪರಿಚಿತ ಎನಿಸದು. ಮುಂದಾಗುವುದನ್ನು ಈ ಪ್ರವಾದಿಗಳು ಹೇಳಿದ್ದೂ ಉಂಟು. ಆದರೆ ಅದು ಹೆಚ್ಚಾಗಿ, ಹೀಗೇ ನಡೆದರೆ ನಾಡು ಹಾಳಾದೀತು ಎಂಬ ಎಚ್ಚರಿಕೆಯ ರೂಪದಲ್ಲಿ.

ಕ್ರೈಸ್ತರು ಈ ಗ್ರಂಥಗಳನ್ನು ಓದುವ ರೀತಿ ಇದಕ್ಕೆ ಇನ್ನೊಂದು ಪದರವನ್ನು ಸೇರಿಸಿತು. ಅದರ ಪ್ರಸಿದ್ಧ ಮಾದರಿ ಯೆಶಾಯನ ಗ್ರಂಥದ ಏಳನೆಯ ಅಧ್ಯಾಯ. ಯೆಹೂದದ ಅರಸ ಆಹಾಜನ ಮೇಲೆ ನೆರೆಯ ಇಬ್ಬರು ಅರಸರು ದಂಡೆತ್ತಿ ಬಂದಾಗ ಯೆಶಾಯ ಧೈರ್ಯ ಹೇಳುತ್ತಾನೆ: ಒಬ್ಬ ಯುವತಿ ಮಗನನ್ನು ಹೆರುವಳು, ಅವನಿಗೆ ಇಮ್ಮಾನುವೇಲ ಎಂದು ಹೆಸರಿಡುವಳು, ಆ ಮಗುವಿಗೆ ಒಳ್ಳೆಯದು ಕೆಟ್ಟದು ತಿಳಿಯುವ ಹೊತ್ತಿಗೆ ಆ ಇಬ್ಬರು ಅರಸರ ನಾಡುಗಳು ಬರಿದಾಗಿರುತ್ತವೆ ಎಂದು. ಹೀಬ್ರೂವಿನಲ್ಲಿ ಇಲ್ಲಿರುವ ಪದ ‘ಅಲ್ಮಾ’, ಎಂದರೆ ಪ್ರಾಯದ ಹೆಣ್ಣು. ಕ್ರಿಸ್ತನಿಗಿಂತ ಮೊದಲೇ ಯೆಹೂದ್ಯರು ಇದನ್ನು ಗ್ರೀಕಿಗೆ ಅನುವಾದಿಸಿದಾಗ ‘ಪಾರ್ಥೆನೋಸ್’ ಎಂಬ ಪದ ಬಳಸಿದರು. ಅದಕ್ಕೆ ಸಾಮಾನ್ಯವಾಗಿ ಕನ್ಯೆ ಎಂದೇ ಅರ್ಥ. ಸುವಾರ್ತೆ ಬರೆದ ಮತ್ತಾಯ ಓದಿದ್ದು ಗ್ರೀಕ್ ಪಾಠವನ್ನು. ಕ್ರಿಸ್ತನ ಜನನದಲ್ಲಿ ಈ ಮಾತು ನೆರವೇರಿತು ಎಂದು ಆತ ಬರೆದ. ಅದಕ್ಕೇ ಡಿಸೆಂಬರ್ ಬಂತೆಂದರೆ ಚರ್ಚುಗಳಲ್ಲಿ ಯೆಶಾಯನ ಓದು ಕೇಳಿಬರುತ್ತದೆ. ಯೆಹೂದ್ಯರು, ಆಹಾಜನಿಗೆ ಕೊಟ್ಟ ಭರವಸೆ ಏಳು ಶತಮಾನಗಳ ನಂತರ ನೆರವೇರಿದರೆ ಆಹಾಜನಿಗೇನು ಉಪಯೋಗ ಎಂದು ಕೇಳುತ್ತಾರೆ. ಮಾತು ಅಂದಿನ ಕಾಲಕ್ಕೂ ಅನ್ವಯಿಸಿತು, ಅದರ ಪೂರ್ಣಾರ್ಥ ಕ್ರಿಸ್ತನಲ್ಲಿ ತೆರೆದುಕೊಂಡಿತು ಎಂಬುದು ಅನೇಕ ಕ್ರೈಸ್ತ ವಿದ್ವಾಂಸರ ಉತ್ತರ. ಈ ಚರ್ಚೆ ಎರಡನೆಯ ಶತಮಾನದಲ್ಲೇ ಆರಂಭವಾಗಿ ಇಂದಿಗೂ ನಡೆದಿದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಯೆಶಾಯನ ಮಾತಿನಲ್ಲಿ ಇಸವಿಯಿಲ್ಲ, ಅಂಕಿಯಿಲ್ಲ. ಅದನ್ನು ನಂಬಬಹುದು ಅಥವಾ ಬಿಡಬಹುದು. ಪಂಚಾಂಗ ಹಿಡಿದು ಪರೀಕ್ಷಿಸಲಾಗದು. ದಾನಿಯೇಲನ ಗ್ರಂಥ ಹಾಗಲ್ಲ. ಅದರಲ್ಲಿ ಅಂಕಿಗಳಿವೆ.

ಟಗರು, ಹೋತ ಮತ್ತು ಚಿಕ್ಕ ಕೊಂಬು

ಸಿಂಹಗಳ ಗವಿಯಲ್ಲಿ ಬದುಕುಳಿದ ದಾನಿಯೇಲನ ಕಥೆಯನ್ನು ಮಿಷನ್ ಶಾಲೆಗಳಲ್ಲಿ ಓದಿದವರೆಲ್ಲ ಕೇಳಿರುತ್ತಾರೆ. ಬಾಬಿಲೋನಿನ ನೆಬೂಕದ್ನೆಚ್ಚರ ಸೆರೆ ಒಯ್ದ ಯೆಹೂದ್ಯ ತರುಣ ಆತ. ಗ್ರಂಥದ ಮೊದಲರ್ಧ ಇಂಥ ಕಥೆಗಳು, ಉಳಿದರ್ಧ ದರ್ಶನಗಳು. ಎಂಟನೆಯ ಅಧ್ಯಾಯದ ದರ್ಶನದಲ್ಲಿ ಎರಡು ಕೊಂಬಿನ ಟಗರನ್ನು ಪಶ್ಚಿಮದಿಂದ ಬಂದ ಹೋತವೊಂದು ಹಾಯ್ದು ಕೆಡವುತ್ತದೆ. ಹೋತದ ದೊಡ್ಡ ಕೊಂಬು ಮುರಿದು ಆ ಜಾಗದಲ್ಲಿ ನಾಲ್ಕು ಕೊಂಬುಗಳು ಮೂಡುತ್ತವೆ. ಅವುಗಳಲ್ಲೊಂದರಿಂದ ಚಿಕ್ಕ ಕೊಂಬೊಂದು ಹೊರಟು, ಬೆಳೆದು, ದೇವಾಲಯದ ನಿತ್ಯಬಲಿಯನ್ನೇ ನಿಲ್ಲಿಸಿಬಿಡುತ್ತದೆ. ಈ ಹಾಳುಗೆಡವುವಿಕೆ ಎಷ್ಟು ಕಾಲ ಎಂದು ಒಬ್ಬ ದೇವದೂತ ಕೇಳಿದರೆ ಇನ್ನೊಬ್ಬ 2300 ಸಂಜೆ-ಬೆಳಗುಗಳು, ಆಮೇಲೆ ಪವಿತ್ರಾಲಯ ಮತ್ತೆ ಶುದ್ಧವಾಗುವುದು ಎನ್ನುತ್ತಾನೆ.

ಟಗರೆಂದರೆ ಮೇದ್ಯ-ಪಾರಸಿಯ ರಾಜ್ಯ, ಹೋತವೆಂದರೆ ಗ್ರೀಕ್ ರಾಜ್ಯ ಎಂದು ಗ್ರಂಥವೇ ಬಿಡಿಸಿ ಹೇಳುತ್ತದೆ. ದೊಡ್ಡ ಕೊಂಬು ಅಲೆಕ್ಸಾಂಡರ್ ಎಂಬುದರಲ್ಲಿ ಹೆಚ್ಚಿನ ತಕರಾರಿಲ್ಲ. ತಕರಾರು ಇರುವುದು ಚಿಕ್ಕ ಕೊಂಬಿನ ಬಗ್ಗೆ, ಮತ್ತು 2300ರ ಬಗ್ಗೆ.

ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯ ರೈತ ವಿಲಿಯಂ ಮಿಲ್ಲರ್ (1782-1849) ಈ 2300ರ ಮುಂದೆ ವರ್ಷಗಟ್ಟಲೆ ಕುಳಿತ. ಆತ ದಡ್ಡನೂ ಅಲ್ಲ, ವಂಚಕನೂ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಯೌವನದಲ್ಲಿ ವಾಲ್ಟೇರ್, ಹ್ಯೂಮ್, ಪೇನ್ ಮೊದಲಾದವರನ್ನು ಓದಿ ಬೈಬಲನ್ನು ಬದಿಗಿಟ್ಟಿದ್ದವ. 1812ರ ಯುದ್ಧದಲ್ಲಿ ಕ್ಯಾಪ್ಟನ್ ಆಗಿ ಹೋರಾಡಿದ. ಯುದ್ಧ ಮುಗಿಸಿ ಬಂದ ಮೇಲೆ ಮನಸ್ಸು ತಿರುಗಿ 1816ರಲ್ಲಿ ಬ್ಯಾಪ್ಟಿಸ್ಟ್ ಭಕ್ತನಾದ. ಹಳೆಯ ಗೆಳೆಯರ ಲೇವಡಿಗೆ ಉತ್ತರ ಕೊಡಲೇಬೇಕೆಂದು ಬೈಬಲ್ಲು ಮತ್ತು ಒಂದು ಪದಸೂಚಿಯನ್ನು ಮುಂದಿಟ್ಟುಕೊಂಡು ಎರಡು ವರ್ಷ ಪದಪದವಾಗಿ ಓದಿದ. 1818ರಲ್ಲಿ ಅವನ ಉತ್ತರ ಸಿದ್ಧವಾಯಿತು: ಇನ್ನು ಸುಮಾರು 25 ವರ್ಷಗಳಲ್ಲಿ ಕ್ರಿಸ್ತ ಮರಳಿ ಬರುತ್ತಾನೆ. ಇಷ್ಟು ದೊಡ್ಡ ಸುದ್ದಿ ಕೈಯಲ್ಲಿದ್ದರೂ ಆತ ಸಾರ್ವಜನಿಕವಾಗಿ ಬಾಯಿ ಬಿಟ್ಟದ್ದು 1831ರಲ್ಲಿ. ಹದಿಮೂರು ವರ್ಷ ಲೆಕ್ಕವನ್ನು ಮತ್ತೆ ಮತ್ತೆ ತಾಳೆ ನೋಡಿದ ಮನುಷ್ಯ ಅವಸರದವನೆಂದು ಹೇಳಲಾದೀತೆ?

ಏಕಮಾನ ಬದಲಾದರೆ

ಮಿಲ್ಲರನ ದಾರಿ ಹೀಗಿತ್ತು. ಮೊದಲು 2300 ಸಂಜೆ-ಬೆಳಗು ಎಂದರೆ 2300 ದಿನಗಳು ಎಂದು ತೆಗೆದುಕೊಂಡ. ನಂತರ ಒಂದು ದಿನವೆಂದರೆ ಒಂದು ವರ್ಷ ಎಂದ. ಇದು ಅವನ ಸ್ವಂತ ಕಲ್ಪನೆಯಲ್ಲ. ಅರಣ್ಯಕಾಂಡದಲ್ಲಿ ನಲವತ್ತು ದಿನ ದೇಶ ಸಂಚರಿಸಿ ನೋಡಿದ್ದಕ್ಕೆ ಪ್ರತಿಯಾಗಿ ದಿನಕ್ಕೊಂದರಂತೆ ನಲವತ್ತು ವರ್ಷಗಳ ಅಲೆದಾಟದ ಶಿಕ್ಷೆ ಬರುತ್ತದೆ. ಯೆಹೆಜ್ಕೇಲನ ಗ್ರಂಥದಲ್ಲೂ ದಿನಕ್ಕೊಂದು ವರ್ಷದ ಲೆಕ್ಕವಿದೆ. ಈ ಎರಡು ಕಡೆ ಹೇಳಿದ್ದನ್ನು ಎಲ್ಲ ಪ್ರವಾದನೆಗೂ ಹೊಂದಿಸುವ ರೂಢಿ ಪ್ರಾಟೆಸ್ಟೆಂಟರಲ್ಲಿ ಬಹುಕಾಲದಿಂದ ಬೇರೂರಿತ್ತು.

ಇನ್ನು ಆರಂಭದ ಬಿಂದು. ಎಂಟನೆಯ ಅಧ್ಯಾಯ 2300 ಎಂದು ಹೇಳುತ್ತದೆಯೇ ಹೊರತು ಎಲ್ಲಿಂದ ಎಣಿಸಬೇಕು ಎಂದು ಹೇಳುವುದಿಲ್ಲ. ಮಿಲ್ಲರ್ ಒಂಬತ್ತನೆಯ ಅಧ್ಯಾಯಕ್ಕೆ ಹೋದ. ಅಲ್ಲಿ ಇನ್ನೊಂದು ಸಂಖ್ಯೆಯಿದೆ: ಎಪ್ಪತ್ತು ವಾರಗಳು. ಯೆರೂಸಲೇಮನ್ನು ಮತ್ತೆ ಕಟ್ಟುವ ಅಪ್ಪಣೆ ಹೊರಟಂದಿನಿಂದ ಅವನ್ನು ಎಣಿಸಬೇಕು ಎಂಬ ಸೂಚನೆಯೂ ಇದೆ. ಎಪ್ಪತ್ತು ವಾರವೆಂದರೆ 490 ದಿನ, ಅಂದರೆ 490 ವರ್ಷ. ಪರ್ಷಿಯದ ಅರ್ತಷಸ್ತ (ಇತಿಹಾಸದ ಪುಸ್ತಕಗಳ ಅರ್ಟಾಕ್ಸರ್ಕ್ಸೀಸ್) ತನ್ನ ಆಳ್ವಿಕೆಯ ಏಳನೆಯ ವರ್ಷದಲ್ಲಿ ಎಜ್ರನಿಗೆ ಕೊಟ್ಟ ಅಪ್ಪಣೆ ಕ್ರಿ.ಪೂ. 457ರದ್ದು. 490ರಿಂದ 457 ಕಳೆದರೆ 33. ಕ್ರಿಸ್ತ ಶಿಲುಬೆಗೇರಿದ್ದು ಕ್ರಿ.ಶ. 33ರಲ್ಲಿ ಎಂಬ ಎಣಿಕೆಗೆ ಅದು ಸರಿಯಾಗಿ ಕೂತಿತು. ಒಂದು ಬೀಗಕ್ಕೆ ಹೊಂದಿದ ಕೀಲಿ ಪಕ್ಕದ ಬೀಗವನ್ನೂ ತೆರೆದೀತು ಎಂಬ ಭರವಸೆಯಲ್ಲಿ ಮಿಲ್ಲರ್ 2300ನ್ನೂ ಅದೇ 457ರಿಂದ ಎಣಿಸಿದ. 1843! ಪವಿತ್ರಾಲಯ ಶುದ್ಧವಾಗುವುದು ಎಂದರೆ ಭೂಮಿ ಬೆಂಕಿಯಲ್ಲಿ ಶುದ್ಧವಾಗುವುದು, ಅಂದರೆ ಕ್ರಿಸ್ತನ ಪುನರಾಗಮನ ಎಂದು ಅರ್ಥೈಸಿದ.

ಭೌತಶಾಸ್ತ್ರದ ಉತ್ತರಪತ್ರಿಕೆ ತಿದ್ದುವವರಿಗೆ ಇಲ್ಲಿ ತಟ್ಟನೆ ಕಾಣುವುದು ಏಕಮಾನದ ಪ್ರಶ್ನೆ. ಮೀಟರಿದ್ದಲ್ಲಿ ಕಿಲೋಮೀಟರ್ ಬರೆದರೆ ಉತ್ತರ ಸಾವಿರ ಪಟ್ಟು ಬದಲಾಗುತ್ತದೆ. ದಿನವಿದ್ದಲ್ಲಿ ವರ್ಷ ಬರೆದರೆ ಸುಮಾರು 365 ಪಟ್ಟು. ಆರಂಭದ ಬಿಂದುವಿನ ಕಥೆ ಇನ್ನೂ ಸ್ವಾರಸ್ಯದ್ದು. ಯೆಹೂದ್ಯರ ಮರಳಿಕೆಗೆ, ದೇವಾಲಯಕ್ಕೆ, ಪಟ್ಟಣಕ್ಕೆ ಸಂಬಂಧಿಸಿ ಪರ್ಷಿಯದ ದೊರೆಗಳು ಕೊಟ್ಟ ಅಪ್ಪಣೆಗಳು ಬೈಬಲ್ಲಿನಲ್ಲೇ ಒಂದಕ್ಕಿಂತ ಹೆಚ್ಚಿವೆ. ಕ್ರಿ.ಪೂ. 538ರ ಕೋರೆಷನ (ಸೈರಸ್) ಅಪ್ಪಣೆಯಿಂದ ಎಣಿಸಿದ್ದರೆ ಲೋಕದ ಅಂತ್ಯ ಮಿಲ್ಲರ್ ಹುಟ್ಟುವ ಮೊದಲೇ ಮುಗಿದುಹೋಗಬೇಕಿತ್ತು. ಅರ್ತಷಸ್ತನೇ ಇಪ್ಪತ್ತನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 445ರ ಸುಮಾರಿಗೆ ನೆಹೆಮೀಯನಿಗೆ ಕೊಟ್ಟ ಅನುಮತಿಯಿಂದ ಎಣಿಸಿದ್ದರೆ ಇನ್ನೂ ಹತ್ತು ಹನ್ನೆರಡು ವರ್ಷ ಕಾಯಬಹುದಿತ್ತು. ಲೆಕ್ಕ ಬದಲಾಗಲಿಲ್ಲ, ಎಲ್ಲಿ ಪೆನ್ಸಿಲ್ ಊರಿದೆವು ಎಂಬುದು ಬದಲಾಯಿತು.

ಅಮೆರಿಕದ ಕ್ರೈಸ್ತರೆಲ್ಲ ತಲೆದೂಗಿದರೆಂದು ತಿಳಿಯಬಾರದು. ಹೆಚ್ಚಿನ ಚರ್ಚುಗಳು ಮಿಲ್ಲರನನ್ನು ವಿರೋಧಿಸಿದವು. ಆಂಡೋವರ್ ಸೆಮಿನರಿಯ ಹೀಬ್ರೂ ಪಂಡಿತ ಮೋಸೆಸ್ ಸ್ಟುವರ್ಟ್ 1842ರಲ್ಲಿಯೇ, ದಾನಿಯೇಲನಲ್ಲಿ ದಿನವೆಂದರೆ ದಿನವೇ ಎಂದು ವಾದಿಸಿದ್ದರು. ದಿನ-ದಿನಾಂಕದ ಗೊಡವೆ ಬೇಡವೆನ್ನಲು ಮತ್ತಾಯನ ಸುವಾರ್ತೆಯಲ್ಲಿ ಕ್ರಿಸ್ತನ ಬಾಯಲ್ಲೇ ಬರುವ ಮಾತು ಸಾಕಿತ್ತು: ಆ ದಿನವೂ ಗಳಿಗೆಯೂ ಯಾರಿಗೂ ಗೊತ್ತಿಲ್ಲ ಎಂಬರ್ಥದ ಮಾತು ಅದು. ಆದರೆ ಬಾಸ್ಟನ್ನಿನ ಜೋಶುವಾ ಹೈಮ್ಸ್ ಎಂಬ ಪಾದ್ರಿ ಮಿಲ್ಲರನ ಬೆನ್ನಿಗೆ ನಿಂತು 1840ರಲ್ಲಿ ಪತ್ರಿಕೆ ಆರಂಭಿಸಿದ. ಪ್ರಾಣಿಗಳ ಚಿತ್ರ, ಇಸವಿಗಳ ಪಟ್ಟಿ ಇರುವ ದೊಡ್ಡ ಬಟ್ಟೆಯ ಚಾರ್ಟುಗಳು ಬಂದವು. ನಮ್ಮ ಶಾಲೆಗಳ ಗೋಡೆಗೆ ತೂಗುಹಾಕುವ ಚಾರ್ಟುಗಳಂತೆ ಅವನ್ನು ಡೇರೆಗಳಲ್ಲಿ ತೂಗುಹಾಕಿ ಉಪನ್ಯಾಸ ಕೊಡುತ್ತಿದ್ದರು. ನಂಬಿದವರ ಸಂಖ್ಯೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇದ್ದೀತೆಂದು ಅಂದಾಜು.

ಕಾಣೆಯಾದ ಸೊನ್ನೆ

ಮಿಲ್ಲರ್ ನಿರ್ದಿಷ್ಟ ದಿನ ಹೇಳಲು ಹಿಂಜರಿಯುತ್ತಿದ್ದ. ಒತ್ತಾಯ ಹೆಚ್ಚಿದಾಗ 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರ ಒಳಗೆ ಎಂದ. ಆ ಅವಧಿ ಮುಗಿಯಿತು, ಏನೂ ಆಗಲಿಲ್ಲ. ಆಗ ಅವನ ಅನುಯಾಯಿಗಳಿಗೆ ಒಂದು ವಿಷಯ ಅಡ್ಡಬಂತು. ಕ್ರಿ.ಪೂ. 1 ಆದೊಡನೆ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ! ಕ್ರಿಸ್ತಶಕೆಯ ಎಣಿಕೆಯನ್ನು ಕ್ರಿ.ಶ. 525ರಲ್ಲಿ ರೂಪಿಸಿದ ಡಯೊನಿಸಿಯಸ್ ಎಂಬ ಸನ್ಯಾಸಿಯ ಕೈಯಲ್ಲಿದ್ದದ್ದು ರೋಮನ್ ಅಂಕಿಗಳು. ನಮ್ಮ ಬ್ರಹ್ಮಗುಪ್ತ ಸೊನ್ನೆಯನ್ನು ಕೂಡುವ ಕಳೆಯುವ ನಿಯಮಗಳನ್ನು ಬರೆದಿಟ್ಟದ್ದು ಅದಾದ ನೂರಮೂರು ವರ್ಷಕ್ಕೆ, 628ರಲ್ಲಿ. ಹಾಗಾಗಿ ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವ ಲೆಕ್ಕದಲ್ಲೆಲ್ಲ ಒಂದು ವರ್ಷ ಸೇರಿಸಬೇಕು. ವಿದ್ಯಾರ್ಥಿಗಳು ಬೇಕಾದರೆ ಪರೀಕ್ಷಿಸಬಹುದು: ಕ್ರಿ.ಪೂ. 2ರ ಜನವರಿಯಿಂದ ಕ್ರಿ.ಶ. 2ರ ಜನವರಿಗೆ ಎಷ್ಟು ವರ್ಷ? ನಾಲ್ಕಲ್ಲ, ಮೂರು. ಹಾಗೆ ನೋಡಿದರೆ 2300 ವರ್ಷ ತುಂಬುವುದು 1843ಕ್ಕಲ್ಲ, 1844ಕ್ಕೆ.

1844ರ ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬ ಬೋಧಕ ತಿಂಗಳು ತಾರೀಖನ್ನೂ ಗೊತ್ತು ಮಾಡಿದ. ಪವಿತ್ರಾಲಯದ ಶುದ್ಧೀಕರಣ ನಡೆಯುತ್ತಿದ್ದುದು ಯೆಹೂದ್ಯರ ಏಳನೆಯ ತಿಂಗಳ ಹತ್ತನೆಯ ದಿನ. ಅದು ಯಾವಾಗ ಬರುತ್ತದೆ? ಯೆಹೂದ್ಯರ ಪಂಚಾಂಗ ನಮ್ಮದರಂತೆಯೇ ಚಾಂದ್ರಮಾನದ ತಿಂಗಳುಗಳನ್ನು ಸೌರವರ್ಷಕ್ಕೆ ಹೊಂದಿಸುವಂಥದು. ನಮಗೆ ಅಧಿಕಮಾಸವಿರುವಂತೆ ಅವರಿಗೂ 19 ವರ್ಷಗಳಲ್ಲಿ ಏಳು ಹೆಚ್ಚುವರಿ ತಿಂಗಳುಗಳು. ಸಾಮಾನ್ಯ ಯೆಹೂದ್ಯ ಪಂಚಾಂಗದಂತೆ ಆ ವರ್ಷ ಆ ದಿನ ಬಿದ್ದದ್ದು ಸೆಪ್ಟೆಂಬರ್ 23ಕ್ಕೆ. ಆದರೆ ಕರಾಯಿತರೆಂಬ ಪಂಗಡದವರು ಗಣಿತದ ಸೂತ್ರಕ್ಕಿಂತ ಯೆಹೂದ ಸೀಮೆಯಲ್ಲಿ ಜವೆಗೋಧಿಯ ತೆನೆ ಹಣ್ಣಾಗುವುದನ್ನು ನೋಡಿ ವರ್ಷವನ್ನು ಆರಂಭಿಸುವವರು. ಅವರ ಕ್ರಮ ಹಿಡಿದು ಸ್ನೋ ಅಕ್ಟೋಬರ್ 22 ಎಂದು ಸಾರಿದ. ನೋಡಿ, ಇಲ್ಲಿ ಮತ್ತೊಂದು ಆಯ್ಕೆ ನುಸುಳಿತು. ಮಿಲ್ಲರ್ ಮೊದಲು ಒಪ್ಪಲಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ, ಜನರ ಉತ್ಸಾಹ ಕಂಡು, ಒಪ್ಪಿದ.

ಇದೆಲ್ಲ ಕಾಡುಮೇಡಿನ ಕಾಲದ ಮಾತಲ್ಲ. ಅದೇ 1844ರ ಮೇ 24ರಂದು ವಾಷಿಂಗ್ಟನ್ನಿಂದ ಬಾಲ್ಟಿಮೋರಿಗೆ ಮೋರ್ಸ್ ತನ್ನ ತಂತಿ ಸಂದೇಶವನ್ನು ಕಳುಹಿಸಿದ್ದ. ಆ ಸಂದೇಶಕ್ಕೆ ಆರಿಸಿದ್ದೂ ಅರಣ್ಯಕಾಂಡದ ಒಂದು ಮಾತನ್ನೇ.

ಅಕ್ಟೋಬರ್ 22 ಬಂದು ಹೋಯಿತು. ನಂಬಿದವರು ಬಿಳಿ ನಿಲುವಂಗಿ ತೊಟ್ಟು ಬೆಟ್ಟ ಹತ್ತಿ ಕುಳಿತಿದ್ದರು ಎಂಬ ಕಥೆ ಆಮೇಲೆ ಪತ್ರಿಕೆಗಳಲ್ಲಿ ರಂಗೇರಿತು. ಅದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಸೋತವರನ್ನು ನಗೆಪಾಟಲು ಮಾಡುವುದು ಎಲ್ಲ ಕಾಲದ ಪತ್ರಿಕೆಗಳಿಗೂ ಸುಲಭ. ಮನೆಗಳಲ್ಲಿ, ಸಭೆಗಳಲ್ಲಿ ಕುಳಿತು ಬೆಳಗಿನವರೆಗೂ ಅತ್ತವರು ಮಾತ್ರ ನಿಜ. ಕೆಲವರು ನಂಬಿಕೆಯನ್ನೇ ಬಿಟ್ಟರು. ಮಿಲ್ಲರ್ ತನ್ನ ಕಾಲಗಣನೆ ತಪ್ಪಿತೆಂದು ಒಪ್ಪಿಕೊಂಡ, ಆದರೆ ಕ್ರಿಸ್ತನ ಬರವು ಹತ್ತಿರವಿದೆ ಎಂಬ ನಂಬಿಕೆಯನ್ನು ಬಿಡಲಿಲ್ಲ. ಮರುದಿನ ಬೆಳಗ್ಗೆ ಜೋಳದ ಹೊಲದಲ್ಲಿ ನಡೆದುಹೋಗುತ್ತಿದ್ದಾಗ ಹೈರಮ್ ಎಡ್ಸನ್ ಎಂಬ ರೈತನಿಗೆ ಬೇರೊಂದು ಅರ್ಥ ಹೊಳೆಯಿತು ಎಂದು ಆತನೇ ಬರೆದಿಟ್ಟಿದ್ದಾನೆ: ತಾರೀಖು ಸರಿಯೇ, ತಪ್ಪಿದ್ದು ಸ್ಥಳ, ಶುದ್ಧವಾಗಬೇಕಾದ ಪವಿತ್ರಾಲಯ ಇರುವುದು ಭೂಮಿಯಲ್ಲಲ್ಲ, ಪರಲೋಕದಲ್ಲಿ. ಈ ಅರ್ಥವನ್ನು ಸ್ವೀಕರಿಸಿದವರಿಂದ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಶನಿವಾರವನ್ನು ಸಬ್ಬತ್ ದಿನವಾಗಿ ಆಚರಿಸುವ ಈ ಸಭೆ ಇಂದು ಲೋಕದ ಹಲವೆಡೆ ಶಾಲೆ, ಆಸ್ಪತ್ರೆಗಳನ್ನು ನಡೆಸುತ್ತಿದೆ. ಬೆಂಗಳೂರಿನ ಲೌರಿ ಶಿಕ್ಷಣ ಸಂಸ್ಥೆ ಅದರದೇ. ಆ ಸಭೆ ಇಂದು ಕ್ರಿಸ್ತನ ಬರವಿಗೆ ತಾರೀಖು ಗೊತ್ತುಪಡಿಸುವುದಿಲ್ಲ.

ನ್ಯೂಟನ್ನನ ಕಾಗದಗಳು

ಇಂಥ ಲೆಕ್ಕಗಳು ಅರೆವಿದ್ಯೆಯ ರೈತರ ಹವ್ಯಾಸವೆಂದು ವಿಜ್ಞಾನದ ವಿದ್ಯಾರ್ಥಿಗಳು ಮೂಗು ಮುರಿಯುವ ಮುನ್ನ ಸರ್ ಐಸಾಕ್ ನ್ಯೂಟನ್ನನನ್ನು ನೆನೆಯುವುದು ಒಳಿತು. ಚಲನೆಯ ನಿಯಮಗಳನ್ನು ಕೊಟ್ಟ ಅದೇ ನ್ಯೂಟನ್ ದಾನಿಯೇಲನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ಆತ ತೀರಿಕೊಂಡು ಆರು ವರ್ಷಗಳ ನಂತರ 1733ರಲ್ಲಿ ಅದು ಅಚ್ಚಾಯಿತು. ಅಪ್ರಕಟಿತ ಕಾಗದಗಳಂತೂ ಕಟ್ಟುಗಟ್ಟಲೆ ಇದ್ದವು. 1936ರಲ್ಲಿ ಅವು ಲಂಡನ್ನಿನಲ್ಲಿ ಹರಾಜಾದಾಗ ಧಾರ್ಮಿಕ ವಿಷಯದ ಬಹುಪಾಲನ್ನು ಅಬ್ರಹಾಂ ಯಾಹುದಾ ಎಂಬ ಯೆಹೂದ್ಯ ವಿದ್ವಾಂಸ ಸಂಗ್ರಹಿಸಿದ. ಅವು ಈಗ ಯೆರೂಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವುಗಳಲ್ಲೊಂದು ಕಾಗದದಲ್ಲಿದ್ದ 2060 ಎಂಬ ಇಸವಿ 2003ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಅದು ಬಂದದ್ದು ಹೀಗೆ. ದಾನಿಯೇಲನ ಏಳನೆಯ ಅಧ್ಯಾಯದಲ್ಲಿ ಒಂದು ಕಾಲ, ಕಾಲಗಳು, ಅರ್ಧ ಕಾಲ ಎಂಬ ಒಗಟಿನ ಮಾತಿದೆ. ಅದನ್ನು ಮೂರೂವರೆ ವರ್ಷವೆಂದು ತೆಗೆದುಕೊಂಡು, ವರ್ಷಕ್ಕೆ 360 ದಿನದಂತೆ ಗುಣಿಸಿದರೆ 1260 ದಿನ. ದಿನಕ್ಕೊಂದು ವರ್ಷದಂತೆ 1260 ವರ್ಷ. ಷಾರ್ಲ್‌ಮಾನ್‌ಗೆ ಪೋಪ್ ಕಿರೀಟ ತೊಡಿಸಿದ ಕ್ರಿ.ಶ. 800ರಿಂದ ಎಣಿಸಿದರೆ 2060. ಇದಕ್ಕಿಂತ ತಡವಾದೀತು, ಆದರೆ ಬೇಗ ಬರಲು ಕಾರಣ ಕಾಣುವುದಿಲ್ಲ ಎಂಬುದು ನ್ಯೂಟನ್ನನ ಅಭಿಪ್ರಾಯ. ಈ ಲೆಕ್ಕ ಹಾಕಿದ ಉದ್ದೇಶವೇ, ಪದೇ ಪದೇ ತಾರೀಖು ಕೊಟ್ಟು ಅದು ತಪ್ಪಿದಾಗ ಪ್ರವಾದನೆಗಳಿಗೇ ಅಪಮಾನ ತರುವವರ ಬಾಯಿ ಮುಚ್ಚಿಸುವುದು ಎಂದೂ ಆತ ಹೇಳಿದ್ದಾನೆ. ಅಚ್ಚಾದ ಪುಸ್ತಕದಲ್ಲಿ ಅವನ ನಿಲುವು ಇನ್ನೂ ಸ್ಪಷ್ಟ: ಪ್ರವಾದನೆ ಕೊಟ್ಟಿರುವುದು ಜನ ಮುಂದಾಗುವುದನ್ನು ತಿಳಿದು ತಾವೇ ಪ್ರವಾದಿಗಳಾಗಲೆಂದಲ್ಲ, ಘಟನೆ ನಡೆದ ಮೇಲೆ ಅದು ದೇವರ ಯೋಜನೆ ಎಂದು ಅರಿಯಲೆಂದು. ನ್ಯೂಟನ್ನನಂಥವನೂ ಅಂಕಿಗಳ ಸೆಳೆತದಿಂದ ಪಾರಾಗಲಿಲ್ಲ. ಆದರೆ ಎಲ್ಲಿ ನಿಲ್ಲಬೇಕೆಂಬುದು ಅವನಿಗೆ ತಿಳಿದಿತ್ತು.

ಇನ್ನೊಂದು ಓದು

ಚಿಕ್ಕ ಕೊಂಬಿಗೆ ಬೇರೊಂದು ವಿವರಣೆ ಮೊದಲಿನಿಂದಲೂ ಇತ್ತು. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ ಮೇಲೆ ಅವನ ಸಾಮ್ರಾಜ್ಯವನ್ನು ಸೇನಾಪತಿಗಳು ಹಂಚಿಕೊಂಡರು. ಅವರಲ್ಲೊಬ್ಬನ ವಂಶದ ನಾಲ್ಕನೆಯ ಅಂತಿಯೋಕಸ್ ಸಿರಿಯವನ್ನು ಕ್ರಿ.ಪೂ. 175ರಿಂದ 164ರವರೆಗೆ ಆಳಿದ. ಕ್ರಿ.ಪೂ. 167ರಲ್ಲಿ ಆತ ಯೆರೂಸಲೇಮಿನ ದೇವಾಲಯದ ನಿತ್ಯಬಲಿಯನ್ನು ನಿಲ್ಲಿಸಿ, ಬಲಿಪೀಠದ ಮೇಲೆ ಅನ್ಯದೇವತೆಯ ಪೀಠವನ್ನು ಇಡಿಸಿದ. ಯೂದ ಮಕ್ಕಬಿಯ ಎಂಬಾತನ ನಾಯಕತ್ವದಲ್ಲಿ ಯೆಹೂದ್ಯರು ದಂಗೆಯೆದ್ದು ಕ್ರಿ.ಪೂ. 164ರ ಡಿಸೆಂಬರಿನಲ್ಲಿ ದೇವಾಲಯವನ್ನು ಶುದ್ಧಗೊಳಿಸಿದರು. ದೀಪಗಳ ಹಬ್ಬವಾದ ಹನುಕ್ಕಾ ಅದರ ನೆನಪು. ದಿನಕ್ಕೆ ಸಂಜೆಯ ಬಲಿ ಒಂದು, ಬೆಳಗಿನ ಬಲಿ ಒಂದು ಎಂದು ಎಣಿಸಿದರೆ 2300 ಬಲಿಗಳೆಂದರೆ 1150 ದಿನ, ಮೂರು ವರ್ಷಕ್ಕೆ ತುಸು ಹೆಚ್ಚು. ದೇವಾಲಯ ಮೈಲಿಗೆಯಾಗಿದ್ದ ಅವಧಿಗೆ ಇದು ತೀರ ಹತ್ತಿರ. ಅದೇ ಸಂಖ್ಯೆ; ಒಬ್ಬರ ಓದಿನಲ್ಲಿ ಇಪ್ಪತ್ಮೂರು ಶತಮಾನ, ಇನ್ನೊಬ್ಬರ ಓದಿನಲ್ಲಿ ಮೂರು ವರ್ಷ ಎರಡು ತಿಂಗಳು!

ಮೂರನೆಯ ಶತಮಾನದ ಪಾರ್ಫಿರಿ ಎಂಬ ಗ್ರೀಕ್ ತತ್ತ್ವಜ್ಞಾನಿ ಇನ್ನೂ ಮುಂದೆ ಹೋದ. ದಾನಿಯೇಲನ ಗ್ರಂಥದಲ್ಲಿ ಅಂತಿಯೋಕಸನ ಕಾಲದವರೆಗಿನ ಸಂಗತಿಗಳು ಕಣ್ಣಾರೆ ಕಂಡಂತೆ ನಿಖರವಾಗಿವೆ, ಅಲ್ಲಿಂದಾಚೆಗೆ ತಪ್ಪುತ್ತವೆ. ಆದ್ದರಿಂದ ಅದನ್ನು ಬರೆದದ್ದು ಬಾಬಿಲೋನಿನ ಸೆರೆಯ ಕಾಲದಲ್ಲಲ್ಲ, ಅಂತಿಯೋಕಸನ ಕಾಲದಲ್ಲೇ ಎಂದು ವಾದಿಸಿದ. ಹನ್ನೊಂದನೆಯ ಅಧ್ಯಾಯದಲ್ಲಿ ಆ ದೊರೆ ಸಮುದ್ರಕ್ಕೂ ಪವಿತ್ರ ಪರ್ವತಕ್ಕೂ ನಡುವೆ ಡೇರೆ ಹಾಕಿ ಅಲ್ಲೇ ಅಂತ್ಯ ಕಾಣುತ್ತಾನೆಂದಿದೆ. ನಿಜವಾಗಿ ಅಂತಿಯೋಕಸ್ ಸತ್ತದ್ದು ದೂರದ ಪರ್ಷಿಯದ ಕಡೆ. ಯಾವ ಪದರದಲ್ಲಿ ಯಾವ ಪಳೆಯುಳಿಕೆ ಕೊನೆಯದಾಗಿ ಸಿಗುತ್ತದೆ ಎಂದು ನೋಡಿ ಬಂಡೆಯ ವಯಸ್ಸು ಹೇಳುವ ಭೂವಿಜ್ಞಾನಿಯ ತರ್ಕವೇ ಇದು. ಪಾರ್ಫಿರಿಯ ಪುಸ್ತಕವನ್ನು 448ರಲ್ಲಿ ರೋಮನ್ ಚಕ್ರವರ್ತಿಗಳ ಆಜ್ಞೆಯಂತೆ ಸುಟ್ಟರು. ಅವನ ವಾದ ನಮಗೆ ತಿಳಿದಿರುವುದು ಅದನ್ನು ಖಂಡಿಸಲು ಹೊರಟ ಸಂತ ಜೆರೋಮ್ 407ರ ಸುಮಾರಿಗೆ ಬರೆದ ವ್ಯಾಖ್ಯಾನದಿಂದ. ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ಬರೆದಿಟ್ಟು ಉತ್ತರಿಸಿದ ಜೆರೋಮನಿಗೆ ಇತಿಹಾಸ ಋಣಿ. ಇಂದು ವಿಶ್ವವಿದ್ಯಾಲಯಗಳ ಬೈಬಲ್ ವಿದ್ವಾಂಸರಲ್ಲಿ, ಕ್ರೈಸ್ತರೂ ಸೇರಿದಂತೆ, ಹೆಚ್ಚಿನವರು ಈ ದರ್ಶನಗಳ ಕಾಲದ ವಿಷಯದಲ್ಲಿ ಪಾರ್ಫಿರಿಯ ಪಕ್ಷ. ಸಂಪ್ರದಾಯನಿಷ್ಠರಾದ ಅನೇಕರು ಮಾತ್ರ ಅದು ಕ್ರಿಸ್ತಪೂರ್ವ ಆರನೆಯ ಶತಮಾನದ ದಾನಿಯೇಲನದೇ ಕೃತಿ ಎಂಬ ನಿಲುವನ್ನು ಬಿಟ್ಟುಕೊಟ್ಟಿಲ್ಲ.

ಮೃತ ಸಮುದ್ರದ ದಡದ ಕುಮ್ರಾನ್ ಗವಿಗಳಲ್ಲಿ ದಾನಿಯೇಲನ ಗ್ರಂಥದ ಎಂಟು ಪ್ರತಿಗಳ ತುಣುಕುಗಳು ಸಿಕ್ಕಿವೆ. ನೆದರ್ಲೆಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಗಾಲ-14ರ ಪರೀಕ್ಷೆಯನ್ನೂ, ಅಕ್ಷರಗಳ ಆಕಾರವನ್ನು ಅಳೆಯುವ ಕಂಪ್ಯೂಟರ್ ಕ್ರಮವನ್ನೂ ಬಳಸಿತು. ಅದರ ಪ್ರಕಾರ ಒಂದು ತುಣುಕಿನ ಇಂಗಾಲದ ವಯಸ್ಸು ಕ್ರಿ.ಪೂ. 230ರಿಂದ 160ರ ನಡುವೆ ಬೀಳುತ್ತದೆ. ಎಂದರೆ ವಿದ್ವಾಂಸರು ಹೇಳುವ ಅಂತಿಯೋಕಸನ ಕಾಲವನ್ನು ಅದು ಮುಟ್ಟುತ್ತದೆ. ಸಸ್ಯವೋ ಪ್ರಾಣಿಯೋ ಸತ್ತ ಕ್ಷಣದಿಂದ ಅದರಲ್ಲಿರುವ ಇಂಗಾಲ-14, 5730 ವರ್ಷಗಳಿಗೊಮ್ಮೆ ಅರ್ಧದಂತೆ ಕುಂದುತ್ತದೆ ಎಂಬುದನ್ನು ಹತ್ತನೆಯ ತರಗತಿ ದಾಟಿದವರು ಓದಿಯೇ ಇರುತ್ತಾರೆ. ಚರ್ಮದ ತುಂಡೊಂದು ಯಾವಾಗಿನದೆಂದು ಅದು ಹೇಳೀತು. ಅದರ ಮೇಲಿನ ಬರಹಕ್ಕೆ ಏನರ್ಥ ಎಂದು ಹೇಳಲಾರದು.

ಯಾವ ಕಪಾಟಿನಲ್ಲಿ ಪುಸ್ತಕವನ್ನು ಇಟ್ಟಿದ್ದೇವೆ ಎಂಬುದೂ ಒಂದು ವ್ಯಾಖ್ಯಾನವೇ. ಯೆಹೂದ್ಯರ ಬೈಬಲ್ಲಿನಲ್ಲಿ ದಾನಿಯೇಲ ಪ್ರವಾದಿಗಳ ಸಾಲಿನಲ್ಲಿ ಇಲ್ಲ. ಕೊನೆಯ ವಿಭಾಗವಾದ ‘ಬರಹಗಳು’ ಎಂಬುದರಲ್ಲಿ ಎಸ್ತೇರಳ ಗ್ರಂಥದ ನಂತರ, ಎಜ್ರನ ಮೊದಲು ಬರುತ್ತಾನೆ. ಆ ಬೈಬಲ್ ಮುಗಿಯುವುದು ಪೂರ್ವಕಾಲವೃತ್ತಾಂತದಿಂದ, ಯೆರೂಸಲೇಮಿಗೆ ಮರಳಿರಿ ಎಂಬ ಕೋರೆಷನ ಅಪ್ಪಣೆಯೊಂದಿಗೆ. ಕ್ರೈಸ್ತರು ದಾನಿಯೇಲನನ್ನು ಯೆಹೆಜ್ಕೇಲನ ಪಕ್ಕದಲ್ಲಿ ದೊಡ್ಡ ಪ್ರವಾದಿಗಳೊಡನೆ ಇಟ್ಟರು; ಅವರ ಹಳೆಯ ಒಡಂಬಡಿಕೆ ಮಲಾಕಿಯನ ನಿರೀಕ್ಷೆಯಿಂದ ಮುಗಿಯುತ್ತದೆ, ಪುಟ ತಿರುವಿದರೆ ಮತ್ತಾಯ. ಒಂದೇ ಗ್ರಂಥಗಳು, ಬೇರೆ ಜೋಡಣೆ. ಮನೆಯಲ್ಲಿ ಕನ್ನಡ ಬೈಬಲ್ ಇರುವ ವಿದ್ಯಾರ್ಥಿಗಳು ಪರಿವಿಡಿಯನ್ನು ತೆರೆದರೆ ಸಾಕು, ಈ ಜೋಡಣೆ ಕಾಣುತ್ತದೆ.

ತಾರೀಖುಗಳು ಮುಗಿದಿಲ್ಲ

ಲೋಕದ ಅಂತ್ಯದ ತಾರೀಖು ಕೇಳಿ ಹೆದರುವುದು ಒಂದು ಧರ್ಮದವರ ಗುತ್ತಿಗೆಯಲ್ಲ. 1962ರ ಫೆಬ್ರವರಿಯ ಅಷ್ಟಗ್ರಹಕೂಟದಲ್ಲಿ ಪ್ರಳಯವಾಗುತ್ತದೆಂದು ನಮ್ಮ ದೇಶದಲ್ಲೆಲ್ಲ ಹೋಮ ಹವನಗಳು ನಡೆದದ್ದನ್ನು ಮನೆಯ ಹಿರಿಯರು ಈಗಲೂ ಹೇಳುತ್ತಾರೆ. ಮೊನ್ನೆ ಮೊನ್ನೆ ಎಂಬಂತೆ, 2011ರ ಮೇ 21ರಂದು ಅಂತ್ಯ ಆರಂಭವೆಂದು ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ತನ್ನ ರೇಡಿಯೊ ಮೂಲಕ ಲೋಕಕ್ಕೆಲ್ಲ ಸಾರಿದ. ಆತ ಓದಿದ್ದು ಸಿವಿಲ್ ಎಂಜಿನಿಯರಿಂಗ್. ನೋಹನ ಜಲಪ್ರಳಯ ಕ್ರಿ.ಪೂ. 4990ರಲ್ಲಿ ಆಯಿತೆಂದು ಅವನ ಎಣಿಕೆ. ಪ್ರಳಯಕ್ಕೆ ಮುಂಚೆ ನೋಹನಿಗೆ ಕೊಟ್ಟ ಗಡುವು ಏಳು ದಿನ. ದೇವರಿಗೆ ಒಂದು ದಿನ ಸಾವಿರ ವರ್ಷದಂತೆ ಎಂಬ ಆಧಾರದ ಮೇಲೆ 7000 ವರ್ಷ. 7000ದಿಂದ 4990 ಕಳೆದು, ಸೊನ್ನೆಯ ವರ್ಷವಿಲ್ಲದ್ದಕ್ಕೆ ಒಂದು ಸೇರಿಸಿದರೆ 2011. ಎಂಜಿನಿಯರ್ ಸೊನ್ನೆಯನ್ನು ಮರೆಯಲಿಲ್ಲ! ಮಿಲ್ಲರನಿಗೆ ಒಂದು ದಿನ ಒಂದು ವರ್ಷವಾದರೆ ಇವನಿಗೆ ಸಾವಿರ ವರ್ಷ. ಮರುವರ್ಷ ಆತ ಕ್ಷಮೆ ಕೇಳಿದ. ಅಷ್ಟರಲ್ಲಿ ನಂಬಿದವರಲ್ಲಿ ಕೆಲವರು ಕೂಡಿಟ್ಟ ಹಣವನ್ನೆಲ್ಲ ಪ್ರಚಾರಕ್ಕೆ ಸುರಿದಾಗಿತ್ತು.

ಈಗ ಇಂಥ ಸಂದೇಶಗಳು ಮೊಬೈಲಿನಲ್ಲಿ ನೇರವಾಗಿ ಮಕ್ಕಳ ಕೈಗೇ ಬರುತ್ತವೆ. ಪರೀಕ್ಷೆಯ ಹೊತ್ತಿಗೆ ಇನ್ನೂ ಹೆಚ್ಚು. ‘ಇದೆಲ್ಲ ಸುಳ್ಳು, ಸುಮ್ಮನೆ ಓದಿಕೋ’ ಎಂದು ಗದರಿದರೆ ಮಗುವಿನ ಭಯ ಬಾಯಿ ಮುಚ್ಚೀತೇ ಹೊರತು ಹೋಗದು. ಬದಲಿಗೆ ತಂದೆ ತಾಯಿ ಪಕ್ಕದಲ್ಲಿ ಕುಳಿತು, ಒಂದು ಕಾಗದದ ಮೇಲೆ ಆ ಲೆಕ್ಕವನ್ನು ಬರೆಸಿ, ಎಣಿಕೆ ಎಲ್ಲಿಂದ ಶುರುವಾಯಿತು, ಆ ಜಾಗವನ್ನು ಆರಿಸಿದವರು ಯಾರು, ದಿನವನ್ನು ವರ್ಷ ಮಾಡಿದವರು ಯಾರು ಎಂದು ಕೇಳಿ ನೋಡಬಹುದು. ಹತ್ತು ನಿಮಿಷ ಸಾಕಾದೀತು. ಯಾರ ದೇವರನ್ನೂ ಹೀಯಾಳಿಸುವ ಅಗತ್ಯ ಅಲ್ಲಿ ಬೀಳುವುದಿಲ್ಲ.

ಮಿಲ್ಲರ್ ಲೋ ಹ್ಯಾಂಪ್ಟನ್ನಿನ ತನ್ನ ಹೊಲದ ಬಳಿ 1848ರಲ್ಲಿ, ಎಂದರೆ ಆ ನಿರಾಶೆಯಾಗಿ ನಾಲ್ಕು ವರ್ಷಕ್ಕೆ, ಒಂದು ಚಿಕ್ಕ ಪ್ರಾರ್ಥನಾಮಂದಿರ ಕಟ್ಟಿಸಿದ. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡ. ಮಂದಿರ ಇಂದಿಗೂ ನಿಂತಿದೆ. ಅದರ ಒಳಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ದಾನಿಯೇಲನ ಗ್ರಂಥದ್ದೇ ಮಾತು, ನಿಯಮಿತ ಕಾಲಕ್ಕೆ ಅಂತ್ಯವು ಬರುವುದೆಂಬ ಅರ್ಥದ್ದು. ಇಸವಿಯನ್ನು ಮಾತ್ರ ಬರೆಸಿಲ್ಲ.